ಸವರಿದ ಕೊಳಗ

"ಗುರುಗಳೇ, ಹಂಚಿಕೊಂಡು ಉಣ್ಣುವ ಕಡೆಗೆ ಹೊಸಬರು ಬಂದರೆ ಯಾರು ಬದಲಾಗಬೇಕು? ಬಂದವರೋ, ಇದ್ದವರೋ?"

ಕೇಳಿದವನು ಮಠದ ಉಗ್ರಾಣ ನೋಡಿಕೊಳ್ಳುವ ಶಿಷ್ಯ. ದಿನಾ ಮಠಕ್ಕೆ ಸೌದೆ ತಂದು ಹಾಕುವ ಕೇರಿಯವರು ತಮಗೂ ಊಟದ ಸಾಲಿನಲ್ಲಿ ಜಾಗ ಬೇಕೆಂದು ಕೇಳಿದ್ದರು. ಸಾಲು ಉದ್ದವಾದರೆ ಅವನ ಎದೆ ಸಣ್ಣದಾಗುತ್ತಿತ್ತು. ಗುರುಗಳು ಅದನ್ನು ಬಲ್ಲರು. ಕೂರು ಎಂದರು. ಕತೆ ಹೇಳಿದರು.

ಒಂದು ಹಳ್ಳದ ದಂಡೆಯಲ್ಲಿ ಐದು ಊರು. ಐದಕ್ಕೂ ಸೇರಿ ಒಂದೇ ಕಣ, ಒಂದೇ ಹಗೇವು. ಹಗೇವು ಅಂದರೆ ನೆಲದೊಳಗೆ ತೋಡಿದ ಕಣಜ. ಸುಗ್ಗಿಯಲ್ಲಿ ಪ್ರತಿ ಮನೆಯವರೂ ಬೆಳೆದ ಜೋಳದಲ್ಲಿ ಒಂದು ಭಾಗ ಅದಕ್ಕೆ ಸುರಿಯಬೇಕು. ಬಿತ್ತನೆಗೆ ಮೊದಲು ಅದನ್ನು ತೆಗೆದು, ಕಣದಲ್ಲಿ ರಾಶಿ ಹಾಕಿ, ಕೊಳಗದಲ್ಲಿ ಅಳೆದು ಎಲ್ಲರಿಗೂ ಹಂಚಬೇಕು.

ಹಿಂದೆ ಒಂದು ದೊಡ್ಡ ಬರ ಬಂದಿತ್ತಂತೆ. ಜನ ಮರದ ತೊಗಟೆ ತಿಂದಿದ್ದರಂತೆ. ಆಗ ಹಿರಿಯರು ಒಂದು ಕಟ್ಟಳೆ ಮಾಡಿದರು. ಹೆಚ್ಚು ಜೋಳ ಸುರಿದವನಿಗೆ ತಲೆಯೇರಿಸಿದ ಕೊಳಗ. ಅಂದರೆ ಕೊಳಗದ ಬಾಯಿಯ ಮೇಲೂ ಗೋಪುರ ಕಟ್ಟಿ ಅಳೆಯುವುದು. ಆ ಆಸೆಗೆ ಜನ ಬೀಳು ನೆಲ ಉತ್ತರು. ಹಸಿವು ಹೋಯಿತು. ಕಟ್ಟಳೆ ಉಳಿಯಿತು.

ತಲೆಯೇರಿಸಿದ ಕೊಳಗಕ್ಕಾಗಿ ಎಲ್ಲರೂ ಜೋಳವನ್ನೇ ಬಿತ್ತಿದರು. ತೊಗರಿ ಬಿಟ್ಟರು, ಹೆಸರು ಬಿಟ್ಟರು. ಮೊದಮೊದಲು ಹಗೇವು ತುಂಬಿ ತಳದ ಜೋಳ ಮುಗ್ಗಿತು. ಬರಬರುತ್ತಾ ಜೋಳದ ಮೇಲೆ ಜೋಳ ಬಿತ್ತಿ ನೆಲ ಸೊರಗಿತು. ಹಗೇವು ಇಳಿಯಿತು. ಕೊಳಗದ ತಲೆ ಮಾತ್ರ ಇಳಿಯಲಿಲ್ಲ.

ಅಳೆಯುವವನು ಒಬ್ಬ ರೈತ. ಅವನ ತಂದೆಯೂ ಅಳೆದವನೇ. ರೈತನ ಕೈ ದೊಡ್ಡದು. ಬೇರೆಯವರು ಗೋಪುರ ಕಟ್ಟಿದರೆ ಜಾರುತ್ತಿತ್ತು, ಅವನು ಕಟ್ಟಿದರೆ ನಿಲ್ಲುತ್ತಿತ್ತು. ರಾಶಿ ಅಳೆಯುವಾಗ ಯಾರೂ ಒಂದು ಎನ್ನುವುದಿಲ್ಲ. ಮೊದಲ ಕೊಳಗಕ್ಕೆ ಲಾಭ ಎನ್ನುತ್ತಾರೆ, ಆಮೇಲೆ ಎರಡು, ಮೂರು. ಅವನು ಲಾಭ ಎಂದರೆ ಕಣವೆಲ್ಲ ತಿರುಗಿ ನೋಡುತ್ತಿತ್ತು. ಆ ಕೈಯೇ ಅವನ ಮಾನ.

ಎಂಥ ಕೈಯಾದರೂ ಗೋಪುರ ಕಟ್ಟಿದರೆ ನಾಲ್ಕು ಕಾಳು ಉದುರುತ್ತವೆ. ಉದುರಿದ್ದನ್ನು ಗುಡಿಸಿಕೊಳ್ಳಲು ಗುಡ್ಡದ ಮೇಲಿನ ಎರಡು ಊರಿನವರು ಬರುತ್ತಿದ್ದರು. ಪೊರಕೆ, ಮೊರ ಹಿಡಿದು ಕಣದ ಅಂಚಿನಲ್ಲಿ ಕೂರುತ್ತಿದ್ದರು. ಮಣ್ಣು ಕೇರಿ ಕಾಳು ಒಯ್ಯುತ್ತಿದ್ದರು. ಅದೂ ರೂಢಿಯೇ. ಅವರ ನೆಲ ಕಲ್ಲುನೆಲ. ನವಣೆ, ಹುರುಳಿ ಬಂದರೆ ಹೆಚ್ಚು.

ರೈತ ಮದುವೆಯಾದದ್ದು ಆ ಗುಡ್ಡದ ಹೆಣ್ಣನ್ನು. ಒಂದು ಸಲ ಅವನು ತನ್ನ ಕೈಯನ್ನು ತಾನೇ ಹೊಗಳಿಕೊಂಡಾಗ ಅವಳು ನಕ್ಕಿದ್ದಳು.

"ನಿಮ್ಮ ಕೈ ದೊಡ್ಡದೇ ಬಿಡಿ. ಅದರಿಂದ ಉದುರಿದ್ದನ್ನು ತಿಂದೇ ನಾನು ಬೆಳೆದದ್ದು."

ಅವನೂ ನಕ್ಕಿದ್ದ. ಅವಳು ತೀರಿಕೊಂಡ ಮೇಲೆ ಮನೆಯಲ್ಲಿ ಆ ಮಾತು ಒಂದೇ ಉಳಿಯಿತು. ಉಣ್ಣಲು ಕೂತರೆ ಕೇಳುತ್ತಿತ್ತು.

ಅದೇ ವರ್ಷ ಹಂಚುವ ದಿನ ಗುಡ್ಡದ ಹಿರಿಯರು ಕಣಕ್ಕೆ ಬಂದು ನಿಂತರು. "ನಮ್ಮನ್ನೂ ಸೇರಿಸಿಕೊಳ್ಳಿ. ಬೆಳೆದದ್ದರಲ್ಲಿ ಒಂದು ಭಾಗ ನಾವೂ ಸುರಿಯುತ್ತೇವೆ. ನಮಗೂ ಅಳೆದು ಕೊಡಿ. ಗುಡಿಸಿ ಸಾಕಾಯಿತು" ಎಂದರು.

ಐದು ಊರಿನವರು ಸೇರಿದರು. ಬೇಡವೇ ಬೇಡ ಎಂದರು ಕೆಲವರು. ಹಳ್ಳದ ದಂಡೆಯ ಗೌಡನಿಗೆ ನೆಲ ಬಹಳ, ನಾಲಿಗೆಯೂ ಉದ್ದ. ಅವನು ಒಂದು ದಾರಿ ಹೇಳಿದ. "ಬರಲಿ ಬಿಡಿ. ನಮಗೆ ತಲೆಯೇರಿಸಿ ಅಳೆಯೋಣ, ಅವರಿಗೆ ಬಾಯಿಮಟ್ಟಕ್ಕೆ ಸವರಿ ಅಳೆಯೋಣ. ನಮ್ಮ ಮೊಮ್ಮಕ್ಕಳ ಕಾಲಕ್ಕೆ ಸರಿಮಾಡಿದರಾಯಿತು."

ಎಲ್ಲರಿಗೂ ಅದು ಒಪ್ಪಿಗೆಯಾಗುವಂತಿತ್ತು. ಆಗ ರೈತ ಎದ್ದ. ಅವನು ಸಭೆಯಲ್ಲಿ ಮಾತಾಡಿದವನಲ್ಲ.

"ಒಂದು ಕಣದಲ್ಲಿ ಎರಡು ಅಳತೆ ಬೇಡ" ಎಂದ.

"ಅಲ್ಲಪ್ಪಾ, ಹೆಂಡತಿ ಹೋದರೂ ಮಾವನ ಮನೆ ಹೋಗಲಿಲ್ಲವೇ ನಿನಗೆ?" ಎಂದ ಗೌಡ. ಕಣ ನಕ್ಕಿತು.

"ಹೋಗಲಿಲ್ಲ ಗೌಡರೇ. ಅದನ್ನು ಇಲ್ಲೇ ಬಿಟ್ಟು ಹೋದಳು."

ನಗು ನಿಂತಿತು. ರೈತ ನಿಧಾನವಾಗಿ ಹೇಳಿದ. "ಹಿರಿಯರು ತಪ್ಪು ಮಾಡಲಿಲ್ಲ. ಆಗ ಹಸಿವಿತ್ತು. ಈಗ ಅದೇ ಕಟ್ಟಳೆಗೆ ಗುಡ್ಡದವರನ್ನು ಕರೆದರೆ, ಅವರೂ ಗುಡ್ಡ ಬೋಳಿಸಿ ಜೋಳ ಹಾಕುತ್ತಾರೆ. ನಮ್ಮ ಹಳ್ಳ ಹುಟ್ಟುವುದು ಆ ಗುಡ್ಡದಲ್ಲಿ. ಇನ್ನು ಎರಡು ಅಳತೆ ಇಟ್ಟರೆ, ಅವರು ಒಳಗೆ ಬಂದೂ ಗುಡಿಸುವವರೇ ಆಗಿರುತ್ತಾರೆ. ಅವರನ್ನು ಕರೆಯುವ ಮೊದಲು ನಮ್ಮ ಕೊಳಗ ಸವರೋಣ. ಮೇಲಿನ ತಲೆ ಉಳಿಯುತ್ತದಲ್ಲ, ಅದನ್ನು ಗುಡ್ಡದ ಮರ ಕಾಯುವವರಿಗೆ, ಹೊಲಕ್ಕೆ ಬದು ಹಾಕುವವರಿಗೆ, ಜೋಳದ ನಡುವೆ ತೊಗರಿ ಬಿತ್ತುವವರಿಗೆ ಕೊಡೋಣ. ಯಾವ ಊರಿನವರಾದರೂ ಸರಿ."

"ಸವರಿದರೆ ನಮ್ಮೆಲ್ಲರಿಗಿಂತ ಹೆಚ್ಚು ಕಳೆದುಕೊಳ್ಳುವವನು ನೀನೇ" ಎಂದ ಗೌಡ.

"ಹೌದು."

"ಸವರುವುದಕ್ಕೆ ನಿನ್ನ ಕೈಯೇ ಬೇಕೆಂದೂ ಇಲ್ಲ. ಯಾರು ಬೇಕಾದರೂ ಸವರಿಯಾರು."

ರೈತ ತನ್ನ ಕೈ ನೋಡಿಕೊಂಡ. ತಂದೆಯ ಕೈ ಹೀಗೆಯೇ ಇತ್ತು. ಮನೆಗೆ ಬಂದ ನೆಂಟರಿಗೆ ಜನ ಆ ಕೈ ತೋರಿಸುತ್ತಿದ್ದರು.

"ಅದೂ ಹೌದು" ಎಂದ.

ರಾಶಿಯ ಹತ್ತಿರ ಹೋದ. ಕೊಳಗ ತುಂಬಿದ. ಅಭ್ಯಾಸದ ಕೈ, ತಾನಾಗಿ ಗೋಪುರ ಕಟ್ಟಿತು. ಅಷ್ಟು ಚೆಂದದ ಗೋಪುರವನ್ನು ಆ ಕಣ ಹಿಂದೆ ನೋಡಿರಲಿಲ್ಲ. ಅವನೂ ಒಂದು ಗಳಿಗೆ ನೋಡಿದ. ಆಮೇಲೆ ಅದೇ ಕೈಯ ಅಂಚಿನಿಂದ ಸವರಿಬಿಟ್ಟ. ಜೋಳ ರಾಶಿಗೆ ಬಿತ್ತು. ಕೊಳಗದ ಬಾಯಿ ಕೆರೆಯ ನೀರಿನಂತೆ ಮಟ್ಟವಾಯಿತು.

"ಇದು ನನ್ನ ಮನೆಯ ಪಾಲು. ಮೊದಲು ನನ್ನದೇ ಹೀಗೆ ಅಳೆಯಿರಿ" ಎಂದ.

ಗೌಡನೇ ಮೊದಲು ತನ್ನ ಚೀಲ ತಂದು ಬಾಯಿ ಬಿಚ್ಚಿ ಹಿಡಿದ. "ನನ್ನದೂ ಸವರಪ್ಪಾ. ನಾಳೆ ಊರವರು ನಿನ್ನ ಕೊಳಗ ತೋರಿಸಿ ನನ್ನ ಕೊಳಗ ನೋಡಿ ನಗುವುದು ಬೇಡ" ಎಂದ.

ಒಬ್ಬೊಬ್ಬರಾಗಿ ಬಂದರು. ಒಂದು ಊರಿನವರು ಮುನಿದು ಎದ್ದು ಹೋದರು. ಮರುವರ್ಷ ತಾವಾಗಿ ಬಂದರು. ಬಂದವರನ್ನು ಯಾರೂ ಏನೂ ಕೇಳಲಿಲ್ಲ.

ಮರುವರ್ಷ ಗುಡ್ಡದವರೂ ಹಗೇವಿಗೆ ಸುರಿದಿದ್ದರು. ಅವರು ತಂದದ್ದು ನವಣೆ, ಹುರುಳಿ. ಅದಕ್ಕೂ ಅದೇ ಕೊಳಗ. ಹಂಚುವ ದಿನ ಬಂತು. ಗುಡ್ಡದ ಒಬ್ಬ ಮುದುಕಿ ಪೊರಕೆ ಹಿಡಿದು ಹಳೆಯ ಅಭ್ಯಾಸದಂತೆ ಕಣದ ಅಂಚಿಗೇ ಹೋಗಿ ಕೂತಳು. ರೈತ ಕೊಳಗ ತುಂಬಿ ಸವರಿದ. ಒಂದು ಕಾಳೂ ಹೊರಗೆ ಬೀಳಲಿಲ್ಲ. ಮುದುಕಿ ನೆಲ ನೋಡಿದಳು, ಅವನ ಮುಖ ನೋಡಿದಳು.

"ಏನಪ್ಪಾ, ಇಷ್ಟು ಬಿಗಿ ಮಾಡಿದರೆ ನಾನು ಏನು ಗುಡಿಸಲಿ?"

"ಗುಡಿಸುವುದು ಮುಗಿಯಿತು ಅವ್ವಾ. ಚೀಲ ಹಿಡಿ."

ಅವಳ ಹತ್ತಿರ ಚೀಲ ಇರಲಿಲ್ಲ. ಸೆರಗು ಒಡ್ಡಿದಳು. ರೈತ ಆ ಮೊದಲ ಕೊಳಗವನ್ನು ಅವಳ ಸೆರಗಿಗೆ ಸುರಿದ.

"ಲಾಭ" ಎಂದ.

ಕಣವೆಲ್ಲ ತಿರುಗಿ ನೋಡಿತು. ಮುದುಕಿ ಸೆರಗನ್ನು ಎದೆಗೆ ಒತ್ತಿಕೊಂಡು ನಿಂತಳು. ಪೊರಕೆ ನೆಲದಲ್ಲೇ ಬಿದ್ದಿತ್ತು.

ಎರಡು ಎನ್ನುವ ಮೊದಲು ರೈತ ಕೊಳಗವನ್ನು ಪಕ್ಕದವನ ಕೈಗೆ ಕೊಟ್ಟ. ಹೋಗಿ ಕಣದ ಅಂಚಿನಲ್ಲಿ ಕೂತ. ಅವನ ಹೆಂಡತಿ ಹುಡುಗಿಯಾಗಿದ್ದಾಗ ಮೊರ ಹಿಡಿದು ಕೂರುತ್ತಿದ್ದ ಜಾಗ ಅದು. ಅಲ್ಲಿಂದ ನೋಡಿದರೆ ಅಳೆಯುವವನ ಕೈ ಮಾತ್ರ ಕಾಣುತ್ತದೆ. ಅದು ಅವನಿಗೆ ಅಂದೇ ಗೊತ್ತಾದದ್ದು.

ಗುರುಗಳು ಅಷ್ಟು ಹೇಳಿ ನಿಲ್ಲಿಸಿದರು. ಶಿಷ್ಯನ ಕಣ್ಣು ತುಂಬಿತ್ತು.

"ರೈತ ದೊಡ್ಡವನು ಗುರುಗಳೇ. ಆದರೂ ನನ್ನ ಪ್ರಶ್ನೆ ಹಾಗೇ ಉಳಿಯಿತು. ಹೊಸಬರು ಬಂದಾಗ ಬದಲಾಗಬೇಕಾದವರು ಯಾರು?"

ಅಂಗಳದಲ್ಲಿ ಯಾರೋ ಸೌದೆ ಹೊರೆ ಇಳಿಸಿದ ಸದ್ದಾಯಿತು. ಗುರುಗಳು ಅತ್ತ ನೋಡಿ ಕೇಳಿದರು.

"ಆ ಕಣಕ್ಕೆ ಹೊಸಬರು ಯಾರು ಬಂದರು, ಮಗೂ?"