ನಾಲ್ಕನೆಯ ಸ್ಲಾಟಿನ ದೀಪ

ಅದು ಎಲ್ಲ ಸೋಮವಾರಗಳಂಥದೇ ಒಂದು ಸೋಮವಾರ. ಕಲ್ಹೊಳೆಯ ಅರಮನೆಯಲ್ಲಿ ಊರಿನ ನೀರಿನ ತೂಬುಗಳನ್ನು ತೆರೆದು ಮುಚ್ಚುವ ಕಂಪ್ಯೂಟರ್ ಎಂದಿನಂತೆ ಓಡುತ್ತಿತ್ತು. ನಿಂಗವ್ವ ಆ ಕೋಣೆಯ ಧೂಳು ಒರೆಸುತ್ತಿದ್ದಳು. ರಾಜ ಮಲ್ಲರಸ ನೆಂಟನೊಬ್ಬನನ್ನು ಕರೆತಂದು, "ನೋಡಿ, ಓಡುತ್ತಿರುವಾಗಲೇ ಇದರ ಕಾರ್ಡ್ ತೆಗೆಯಬಹುದು" ಎನ್ನುತ್ತ ನಾಲ್ಕನೆಯ ಸ್ಲಾಟಿನ ಸೀಳಿನಲ್ಲಿದ್ದ ಕಾರ್ಡನ್ನು ಎಳೆದ. ಯಂತ್ರ ನಿಂತಿತು. ಎರಡು ದಿನ ಊರಿಗೆ ನೀರಿಲ್ಲ. ತೆಗೆಯಬಹುದೆಂದು ರಾಜನಿಗೆ ಹೇಳಿದ್ದವನು ಯಂತ್ರ ನೋಡಿಕೊಳ್ಳುವ ಬಸಲಿಂಗ, ನಿಂಗವ್ವನ ಅಣ್ಣ. ಅವನನ್ನು ಸೆರೆಗೆ ಹಾಕಿದರು.

ಬುಧವಾರ ಡಂಗುರ ಸಾರಿದರು: "ಯಂತ್ರ ಎದ್ದಿದೆ, ಕೆಟ್ಟ ಕಾರ್ಡಿನ ಬದಲಿಗೆ ಹಾಕಿದ ಹೊಸ ಕಾರ್ಡನ್ನು ಒಪ್ಪುತ್ತಿಲ್ಲ. ದೊರೆಯ ಮೂರು ಒಗಟು ಬಿಡಿಸಿದವರು ಕೇಳಿದ್ದನ್ನು ಪಡೆಯುವರು. ತಪ್ಪಿದವರ ತಲೆ ಶುಕ್ರವಾರ ಬಸಲಿಂಗನ ತಲೆಯ ಜೊತೆಗೇ ಹೋಗುವುದು."

ಗುರುವಾರ ಯಂತ್ರದ ಕೋಣೆಯಲ್ಲಿ ನೆರೆದವರನ್ನು ರಾಜ ಕೇಳಿದ: "ಅತಿಥಿ ಬಂದು ಕುಳಿತಿದ್ದಾನೆ, ಅವನ ದೀಪ ಉರಿಯುತ್ತಿದೆ. ಮನೆಯೊಡೆಯ ಮಾತ್ರ ಯಾರೂ ಬಂದಿಲ್ಲ ಎನ್ನುತ್ತಾನೆ. ಯಾಕೆ?"

"ಆಫ್ ಮಾಡಿ ಆನ್ ಮಾಡಿ, ಮಹಾಸ್ವಾಮಿ!" ಎಂದ ಮಂತ್ರಿಯ ಅಳಿಯ.

"ಅಲ್ಲಿಯವರೆಗೆ ಊರಿಗೆ ನೀರು ನಿನ್ನ ಮಾವ ಹೊರುತ್ತಾನೇನು?" ಎಂದ ರಾಜ. ಅವನನ್ನು ಎಳೆದೊಯ್ದರು.

"ಕಾರ್ಡೇ ಕೆಟ್ಟಿದೆ" ಎಂದ ಒಬ್ಬ ವ್ಯಾಪಾರಿ. ಬೇರೆ ಕಾರ್ಡ್ ಹಾಕಿದರು. ಅದೇ ಕತೆ. ಅವನೂ ಹೋದ.

ನಿಂಗವ್ವ ಮುಂದೆ ಬಂದಳು. ಧೂಳು ಒರೆಸುವ ಬಟ್ಟೆ ಇನ್ನೂ ಹೆಗಲ ಮೇಲಿತ್ತು.

"ಏನವ್ವ, ಒಗಟನ್ನೂ ಒರೆಸ್ತೀಯಾ?" ಯಾರೋ ನಕ್ಕರು.

ಬಸಲಿಂಗ ಮಾಡುವ ಕೆಲಸವನ್ನೆಲ್ಲ ಬಾಯಲ್ಲಿ ಹೇಳಿಕೊಂಡೇ ಮಾಡುತ್ತಿದ್ದ. ಹನ್ನೊಂದು ವರ್ಷ ಅವಳು ಅದನ್ನು ಕೇಳಿಸಿಕೊಂಡಿದ್ದಳು.

"ಅತಿಥಿ ಈ ಹೊಸ ಕಾರ್ಡು. ಮನೆಯೊಡೆಯ ಅಂದರೆ ಕರ್ನಲ್, ಯಂತ್ರದೊಳಗೆ ಎಲ್ಲರಿಗೂ ಕೆಲಸ ಹಂಚುವವನು. ಬಾಗಿಲು ಕಾಯುವವನನ್ನು ಅವನು ಕರೆದಿಲ್ಲ, ದೊರೆ. ಸ್ಲಾಟು ಗಮನಿಸುವ ಮಾಡ್ಯೂಲ್ ಎಂಬ ಸಣ್ಣ ತಂತ್ರಾಂಶ ಲೋಡ್ ಆಗಿಲ್ಲ." ಲೋಡ್ ಮಾಡಿದಳು. ಪರದೆಯಲ್ಲಿ ಕಾರ್ಡಿನ ಹೆಸರು ಮೂಡಿತು.

"ಈಗ ಹೆಸರು ಹಿಡಿದು ಕರೆಯುತ್ತಾನೆ, ಕೆಲಸ ಮಾತ್ರ ಕೊಡುವುದಿಲ್ಲ. ಯಾಕೆ?" ಎಂದ ರಾಜ.

ಯಂತ್ರ ತಾನೇ ಬರೆದಿಟ್ಟ ಲಾಗನ್ನು ನಿಂಗವ್ವ ಎರಡು ಸಲ ಓದಿದಳು. "ಕೂರಿಸಲು ಜಾಗವಿಲ್ಲ. ಯಂತ್ರ ಏಳುವಾಗಲೇ ಕರ್ನಲ್ ಮೆಮೊರಿ ವಿಳಾಸಗಳನ್ನೆಲ್ಲ ಆಗ ಇದ್ದ ಕಾರ್ಡುಗಳಿಗೇ ಹಂಚಿಬಿಟ್ಟಿದ್ದಾನೆ. ಆರನೆಯ ಕಾರ್ಡಿಗೆ ಈಗ ಕೆಲಸವಿಲ್ಲ. ಅದನ್ನು ಬಿಡಿಸುತ್ತೇನೆ." ಆರನೆಯ ಸ್ಲಾಟಿನ ಗುಂಡಿ ಒತ್ತಿ ಸುಮ್ಮನೆ ನಿಂತಳು. ದೀಪ ಮಿನುಗತೊಡಗಿತು.

"ಎಳೆ, ಅಮ್ಮ! ಯಾಕೆ ನಿಂತಿದ್ದೀಯೆ?" ರಾಜ ಅವಸರಿಸಿದ.

"ದೀಪ ಆರಲಿ, ದೊರೆ."

ದೀಪ ಆರಿತು. ಎಳೆದಳು. ಯಂತ್ರ ನಿಲ್ಲಲಿಲ್ಲ. ಹೊಸ ಕಾರ್ಡಿಗೆ ಜಾಗ ಸಿಕ್ಕಿ ಕೆಲಸ ಶುರುವಾಯಿತು.

ರಾಜನ ದನಿ ತಗ್ಗಿತು. "ಓಡುತ್ತಿರುವಾಗ ತೆಗೆಯಬಹುದು ಎಂದ ನಿನ್ನ ಅಣ್ಣ. ತೆಗೆದೆ. ಎಲ್ಲ ನಿಂತಿತು. ಹಾಗಾದರೆ ಸುಳ್ಳು ಹೇಳಿದವನು ಯಾರು?"

ನಿಂಗವ್ವ ನಾಲ್ಕನೆಯ ಸ್ಲಾಟಿನ ಗುಂಡಿಯತ್ತ ಬೆರಳು ತೋರಿದಳು.

"ಯಾರೂ ಅಲ್ಲ. ಕಾರ್ಡು ಕರ್ನಲ್ಲಿನ ಜೊತೆ ಮಾತಾಡುತ್ತಿತ್ತು. ತಾವು ಗುಂಡಿ ಒತ್ತಲಿಲ್ಲ. ಮಾತು ಮುಗಿಯುವ ಮೊದಲೇ ಎಳೆದಿರಿ."

ರಾಜ ಬಗ್ಗಿ ಗುಂಡಿಯನ್ನು ನೋಡಿದ. "ಏನು ಬೇಕು, ಕೇಳು."

"ಅಣ್ಣ. ಜೊತೆಗೆ ಎಳೆದೊಯ್ದ ಆ ಇಬ್ಬರೂ."

ಶುಕ್ರವಾರ ಬಸಲಿಂಗ ಕೆಲಸಕ್ಕೆ ಬಂದ. ಯಂತ್ರದ ಕೋಣೆಯ ಎರಡನೆಯ ಬೀಗದಕೈ ನಿಂಗವ್ವನಿಗೆ ಸಿಕ್ಕಿತು. ಮುಂದಿನ ಸಲ ಕಾರ್ಡ್ ಬದಲಿಸುವಾಗ ನಾಲ್ಕನೆಯ ಸ್ಲಾಟಿನ ಗುಂಡಿಯನ್ನು ರಾಜನೇ ಒತ್ತಿದ. ದೀಪ ಐದು ಸೆಕೆಂಡು ಮಿನುಗಿ ಆರಿತು.