ಲೋಕಯ್ಯ ಮರುವಾಯಿ ಉಳಿಸಿದ್ದು

ಕಡಲ ದಂಡೆಯ ಒಂದು ಸಣ್ಣ ಪೇಟೆ. ಅಲ್ಲಿ ದೇಜಮ್ಮ ಎಂಬ ತಾಯಿ, ಅವಳಿಗೆ ಲೋಕಯ್ಯ ಎಂಬ ಮಗ. ಮಗನಿಗೆ ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಹೇಳಿದ್ದನ್ನು ಮಾಡುತ್ತಿದ್ದ. ಹೇಳಿದ ಹಾಗೆಯೇ ಮಾಡುತ್ತಿದ್ದ. ತಾಯಿಯ ಸಂಕಟ ಅದೇ.

ದೇಜಮ್ಮ ಅಳಿವೆಯ ಕೆಸರಿನಲ್ಲಿ ಮರುವಾಯಿ ಎಂಬ ಚಿಪ್ಪುಮೀನು ಹೆಕ್ಕಿ ಮಾರುವವಳು. ಅವು ಸಿಕ್ಕರೆ ಮನೆಯಲ್ಲಿ ಗಂಜಿ, ಸಿಗದಿದ್ದರೆ ಇಲ್ಲ. ಅಳಿವೆಯ ಮೇಲುಗಡೆ ನಗರಸಭೆಯ ಕೊಳಚೆ ನೀರಿನ ಘಟಕವಿತ್ತು. ಪೇಟೆಯ ಕಕ್ಕಸು, ಬಚ್ಚಲುಗಳ ನೀರೆಲ್ಲ ಅಲ್ಲಿಗೆ ಬಂದು, ಶುದ್ಧವಾಗಿ ಹೊಳೆಗೆ ಇಳಿಯಬೇಕು. ಅವಳು ಮೇಲ್ವಿಚಾರಕ ಜಯಕರನನ್ನು ಬೇಡಿಕೊಂಡು ಮಗನನ್ನು ಅಲ್ಲಿ ಕೆಲಸಕ್ಕೆ ಸೇರಿಸಿದಳು.

ಜಯಕರ ಅವನನ್ನು ನೀರು ಒಳಬರುವ ಜಾಲರಿಯ ಬಳಿ ನಿಲ್ಲಿಸಿ, ತೇಲುವುದನ್ನೆಲ್ಲ ಎತ್ತಿ ಹೊರಗೆ ಹಾಕು ಎಂದ. ಪ್ಲಾಸ್ಟಿಕ್ ತೊಟ್ಟೆ ಬಂತು, ಎತ್ತಿದ. ಹಳೆಯ ಚಪ್ಪಲಿ ಬಂತು, ಎತ್ತಿದ. ಮರುದಿನ ಪಂಪಿನ ಗುಂಡಿಯ ಬಳಿ ಕೆಲಸ. ಅಲ್ಲಿ ತಂತಿಗೆ ಕಟ್ಟಿದ ಒಂದು ಪ್ಲಾಸ್ಟಿಕ್ ಬುರುಡೆ ತೇಲುತ್ತಿತ್ತು. ನೀರು ಏರಿದರೆ ಅದೂ ಏರಿ ಪಂಪನ್ನು ಚಾಲೂ ಮಾಡಬೇಕು. ಲೋಕಯ್ಯ ಅದನ್ನು ಎತ್ತಿ, ತಂತಿ ಕಿತ್ತು, ಹೊರಗೆ ಹಾಕಿದ. ಪಂಪು ಸುಮ್ಮನಾಯಿತು. ಕೊಳಚೆ ಉಕ್ಕಿ ಅಂಗಳಕ್ಕೆ ಹರಿಯಿತು.

"ತಲೆಯೊಳಗೆ ಎಂತ ತುಂಬಿಸಿಕೊಂಡಿದ್ದೀ ಮಾರಾಯ?" ಎಂದು ಜಯಕರ ಬೈದ. ಕೊಳಕು ಕಂಡಲ್ಲಿ ಬ್ಲೀಚಿಂಗ್ ಪುಡಿ ಸುರಿ, ಕೇಳುತ್ತ ನಿಲ್ಲಬೇಡ ಎಂದೂ ಹೇಳಿದ.

ಲೋಕಯ್ಯ ಅಂಗಳಕ್ಕೆ ಸುರಿದ. ಅದು ಸರಿ. ಬಳಿಕ ದೊಡ್ಡ ತೊಟ್ಟಿಯನ್ನು ಇಣುಕಿದ. ಕಂದು ನೀರು, ಕಂದು ನೊರೆ, ಬುಳುಬುಳು ಗುಳ್ಳೆ. ಇಷ್ಟು ಕೊಳಕನ್ನು ಅವನು ಬೇರೆಲ್ಲೂ ಕಂಡಿರಲಿಲ್ಲ. ಪುಡಿಯ ಚೀಲಗಳನ್ನು ಹೊತ್ತು ತಂದು ಸುರಿದ. ಕೇಳುತ್ತ ನಿಲ್ಲಲಿಲ್ಲ.

ಕೊಳಚೆಯನ್ನು ತಿಂದು ಕರಗಿಸುವ, ಕಣ್ಣಿಗೆ ಕಾಣದ ಜೀವಾಣುಗಳು ಇದ್ದದ್ದು ಆ ಕಂದು ನೀರಿನಲ್ಲೇ. ಎಲ್ಲವೂ ಸತ್ತವು.

ಈ ಸಲ ಜಯಕರನಿಗೆ ಬೈಯಲೂ ಶಕ್ತಿಯಿರಲಿಲ್ಲ. "ಅವು ಜೀವ ಇರುವಂಥವು ಲೋಕಯ್ಯ. ಜೀವ ಉಳಿಯಬೇಕಾದರೆ ಈ ತೊಟ್ಟಿಯಲ್ಲಿ ಇರಬೇಕು, ಹಗಲೂ ರಾತ್ರಿ ಗಾಳಿ ಊದುತ್ತಿರಬೇಕು. ತಿಳಿಯಿತಾ?"

ತಿಳಿಯಿತು ಎಂದ ಲೋಕಯ್ಯ.

ಜಯಕರ ಸೆಗಣಿ, ಬೆಲ್ಲ ತರಿಸಿ ಹೊಸ ಜೀವಾಣು ಬೆಳೆಸತೊಡಗಿದ. ಅವು ಬೆಳೆಯುವ ತನಕ ಪೇಟೆಯ ಕೊಳಚೆಯನ್ನು ಎಲ್ಲಿ ಇಡುವುದು? ಪಕ್ಕದ ಕಾಲುವೆಯ ಹಲಗೆ ಎತ್ತಿಸಿ ನೇರ ಹೊಳೆಗೆ ಬಿಟ್ಟ. ಮೇಲಿನವರಿಗೆ ತಿಳಿಸಲಿಲ್ಲ. ದಂಡೆಯವರಿಗೂ ತಿಳಿಸಲಿಲ್ಲ. ಅವನು ಪೆದ್ದನಲ್ಲ.

ಅಳಿವೆ ಕಪ್ಪಾಯಿತು. ಮರುವಾಯಿ ಬಾಯಿ ತೆರೆದು ಸಾಯತೊಡಗಿದವು. ಕಡಲ ಕಡೆಯ ಒಂದು ಮೂಲೆಯಲ್ಲಿ ಮಾತ್ರ ಒಂದಿಷ್ಟು ಉಳಿದಿವೆ, ಅವೂ ಹೋದರೆ ಮುಂದಕ್ಕೆ ಬೀಜವೂ ಇಲ್ಲ ಎಂದು ದೇಜಮ್ಮ ಕೆಸರಿನಲ್ಲಿ ಕುಳಿತು ಅತ್ತಳು.

"ಇವುಗಳ ಜೀವ ಉಳಿಸುವ ದಾರಿ ನಿನ್ನ ಸಾಹೇಬರಿಗೂ ಗೊತ್ತಿಲ್ಲವಾ ಮಗಾ?"

"ಗೊತ್ತಿದೆ ಅಮ್ಮ. ನನಗೆ ಹೇಳಿದ್ದಾರೆ."

ತಾಯಿ ಮನೆಗೆ ಹೋದಳು. ಮಗ ಬುಟ್ಟಿ ತಂದ. ಆ ಮೂಲೆಯಲ್ಲಿ ಬದುಕಿದ್ದ ಮರುವಾಯಿಗಳನ್ನೆಲ್ಲ ಹೆಕ್ಕಿದ, ಮರಿಗಳನ್ನೂ ಬಿಡಲಿಲ್ಲ. ಹೊತ್ತು ತಂದು ದೊಡ್ಡ ತೊಟ್ಟಿಗೆ ಸುರಿದ. ಗಾಳಿ ನಿಲ್ಲದಂತೆ ಕಾವಲು ಕುಳಿತ.

ದೇಜಮ್ಮ ಬರಿದಾದ ಕೆಸರನ್ನು ಕಂಡು, ಮಗನನ್ನು ಹುಡುಕುತ್ತ ಘಟಕಕ್ಕೆ ಬಂದಳು. ಖಾಲಿ ಬುಟ್ಟಿಯನ್ನು ನೋಡಿದಳು. ತೊಟ್ಟಿಯನ್ನು ನೋಡಿದಳು. ಉಪ್ಪುನೀರಿನ ಜೀವಗಳು ಪೇಟೆಯ ಹೊಲಸಿನ ತಳ ಸೇರಿದ್ದವು.

"ಎಲ್ಲವನ್ನೂ ಹಾಕಿದೆಯಾ?"

"ಎಲ್ಲವನ್ನೂ. ಒಂದೂ ಬಿಟ್ಟಿಲ್ಲ ಅಮ್ಮ."

ಅವಳು ಹೊಡೆಯಲಿಲ್ಲ. ಬೈಯಲಿಲ್ಲ.

"ಇನ್ನು ನನ್ನನ್ನೂ ಅದಕ್ಕೇ ಹಾಕಿಬಿಡು ಮಗಾ."

ಲೋಕಯ್ಯ ಎದ್ದ. ತಾಯಿಯ ಕೈ ಹಿಡಿದು ತೊಟ್ಟಿಯ ಮೆಟ್ಟಿಲಿನತ್ತ ನಡೆಸಿದ.

"ಮೆಲ್ಲ ಬಾ ಅಮ್ಮ, ಇಲ್ಲಿ ಜಾರುತ್ತದೆ."