ದಡದ ಮೇಲಿದ್ದ ಪಂಚೆ

ಕೊಟ್ರಯ್ಯ ಆಶ್ರಮ ಬಿಟ್ಟು ಆಚೆದಡದ ಊರಿನಲ್ಲಿ ಪಾಠ ಹೇಳಲು ಹೊರಟಿದ್ದ. ಅಲ್ಲಿ ಮಕ್ಕಳು ಕಾಯುತ್ತಿದ್ದರು. ಗುರುಗಳು ಮಾತ್ರ ಬಿಟ್ಟಿರಲಿಲ್ಲ.

“ಪ್ರಜ್ಞೆಗೂ ಅರಿವಿಗೂ ಇರುವ ವ್ಯತ್ಯಾಸ ಹೇಳು. ಮರುದಿನವೇ ಕಳಿಸುತ್ತೇನೆ.”

ಮೂರು ತಿಂಗಳಲ್ಲಿ ಕೊಟ್ರಯ್ಯ ಹನ್ನೊಂದು ಉತ್ತರ ಹೇಳಿದ್ದ. ಪ್ರತಿ ಸಲವೂ ಗುರುಗಳು, “ವಾಕ್ಯ ಚೆನ್ನಾಗಿದೆ,” ಎಂದು ಎದ್ದು ಹೋಗಿದ್ದರು.

ಪುಷ್ಯ ಮಾಸದ ಒಂದು ಬೆಳಿಗ್ಗೆ ಗುರುಗಳು ತಮ್ಮ ಪಂಚೆಯನ್ನು ದಡದ ಕಲ್ಲಿನ ಮೇಲಿಟ್ಟು ಹೊಳೆಗಿಳಿದರು.

“ನೋಡಿಕೋ,” ಎಂದರು.

ಕೊಟ್ರಯ್ಯ ಬೆನ್ನು ನೇರ ಮಾಡಿ ಕುಳಿತ. ಹನ್ನೆರಡನೆಯ ಉತ್ತರ ಯೋಚಿಸತೊಡಗಿದ.

ಸ್ವಲ್ಪ ಹೊತ್ತಿಗೆ ಕತ್ತುಮಟ್ಟದ ನೀರಿನಿಂದ ದನಿ ಬಂತು.

“ನೀರು ಬಹಳ ತಣ್ಣಗಿದೆ. ಪಂಚೆ ಕೊಡು.”

“ಗೊತ್ತು ಗುರುಗಳೇ. ಚಳಿಗಾಲವಲ್ಲವೇ?”

“ಪಂಚೆ!”

ಕೊಟ್ರಯ್ಯ ತಿರುಗಿದ. ಕಲ್ಲು ಬರಿದಾಗಿತ್ತು.

“ಯಾರಾದರೂ ಬಂದಿದ್ದರೇನೋ?” ಗುರುಗಳು ಕೇಳಿದರು.

“ಯಾರೂ ಇಲ್ಲ. ಒಂದು ಕಂದು ಹಸು ಬಂದಿತ್ತು. ಎಡಗಡೆಯ ಕೋಡು ಮುರಿದಿತ್ತು.”

“ತೂಕಡಿಸುತ್ತಿದ್ದೆಯಾ?”

“ಛೆ, ಇಲ್ಲ! ಪೂರ್ತಿ ಪ್ರಜ್ಞೆಯಿತ್ತು. ಅದು ಮೆಲ್ಲುತ್ತಿದ್ದುದನ್ನೂ ನೋಡಿದೆ.”

“ಏನು ಮೆಲ್ಲುತ್ತಿತ್ತು?”

“ಬಟ್ಟೆ.”

“ಯಾವ ಬಣ್ಣದ್ದು?”

“ಕಾವಿ ಬಣ್ಣದ್ದು, ಗು...”

ಕೊಟ್ರಯ್ಯ ತಟ್ಟನೆ ಎದ್ದು ನಿಂತ.

“ಅಯ್ಯಯ್ಯೋ!”

“ಯಾಕಪ್ಪಾ? ಇಷ್ಟು ಹೊತ್ತೂ ಪ್ರಜ್ಞೆಯಿತ್ತಲ್ಲ?” ಗುರುಗಳ ಹಲ್ಲು ಕಟಕಟ ಎನ್ನುತ್ತಿತ್ತು.

“ನೀವು ಹೇಳಿದಿರಿ ಎಂದು ನೋಡುತ್ತಲೇ ಇದ್ದೆ, ಗುರುಗಳೇ.”

“ನೋಡು ಅನ್ನಲಿಲ್ಲವೋ. ನೋಡಿಕೋ ಅಂದೆ.”

ಏರಿಯ ಆಚೆಯಿಂದ, ನೀರಿಗೆ ಬರುತ್ತಿದ್ದ ಹೆಂಗಸರ ನಗು ಕೇಳಿಸಿತು. ಕೊಡಗಳ ಸದ್ದೂ ಕೇಳಿಸಿತು.

“ಬೇಗ ಇಳಿ. ನಿನ್ನ ಪಂಚೆ ಕೊಡು.”

ಕೊಟ್ರಯ್ಯ ನೀರಿಗಿಳಿದು, ತನ್ನ ಪಂಚೆ ಬಿಚ್ಚಿ, ಒದ್ದೆಯಾದದ್ದನ್ನೇ ಕೊಟ್ಟ. ಗುರುಗಳು ಸುತ್ತಿಕೊಂಡು ದಡ ಹತ್ತಿದರು. ಅವನು ಕತ್ತಿನವರೆಗೆ ಮುಳುಗಿ ನಿಂತ.

“ಗುರುಗಳೇ, ನನಗೊಂದು ಬಟ್ಟೆ?”

“ಆಶ್ರಮಕ್ಕೆ ಹೋಗಿ ಕಳಿಸುತ್ತೇನೆ.”

“ಬೇಗ ಕಳಿಸಿ! ನೀರು ಬಹಳ ತಣ್ಣಗಿದೆ!”

ಗುರುಗಳು ನಿಂತರು. ತಿರುಗಿ ನೋಡಿದರು.

“ಹನ್ನೆರಡನೆಯ ಉತ್ತರ ಸರಿಯಾಗಿದೆ. ನಾಳೆ ಹೊರಡು.”